ಕಾಡಿಗೆ ಬಳಿದ ಹುಲಿ

ಹುಲಿಯ ಬಣ್ಣ ಯಾವುದು ಎಂದು ಯಾವ ಮಗುವನ್ನಾದರೂ ಕೇಳಿ ನೋಡಿ. ಇಷ್ಟು ದೊಡ್ಡವರಾಗಿ ಇದೂ ಗೊತ್ತಿಲ್ಲವೇ ಎಂಬಂತೆ ಮಗು ನಿಮ್ಮನ್ನು ಕನಿಕರದಿಂದ ನೋಡೀತು. ಇಪ್ಪತ್ತೆಂಟು ವರ್ಷಗಳಿಂದ ಮಕ್ಕಳ ನಡುವೆ ಇರುವ ನಾನು ಕಂಡಂತೆ, ಬಣ್ಣದ ಪೆನ್ಸಿಲ್ಲಿನ ಡಬ್ಬಿಯಲ್ಲಿ ಎಲ್ಲಕ್ಕಿಂತ ಮೊದಲು ಮೋಟಾಗುವುದು ಹಳದಿ. ಸೂರ್ಯನಿಗೆ ಹಳದಿ, ಚೆಂಡುಹೂವಿಗೆ ಹಳದಿ, ಮಾವಿನಹಣ್ಣಿಗೆ ಹಳದಿ, ಉಳಿದದ್ದೆಲ್ಲ ಹುಲಿಗೆ. ಪುಣ್ಯಕೋಟಿಯ ಪದ್ಯ ಮುಗಿದ ಮರುದಿನ ತರಗತಿಯಲ್ಲಿ ನಲವತ್ತು ಅರ್ಬುತರು ಹುಟ್ಟಿರುತ್ತಾರೆ. ನಲವತ್ತಕ್ಕೆ ನಲವತ್ತೂ ಅರಿಶಿನ ಮೆತ್ತಿದ ಮದುಮಗನಂತೆ ಹಳದಿ. ನಮ್ಮ ಕಡೆ ಮೊಹರಂನಲ್ಲಿ ಹರಕೆ ಹೊತ್ತು ಹುಲಿವೇಷ ಹಾಕುವವರೂ ಮೈಗೆಲ್ಲ ಹಳದಿ ಬಳಿಸಿಕೊಂಡು, ಅದರ ಮೇಲೆ ಕಪ್ಪು ಪಟ್ಟೆ ಎಳೆಸಿಕೊಂಡೇ ಕುಣಿಯುತ್ತಾರೆ. ಹುಲಿಯೆಂದರೆ ಹಳದಿ. ಇದರಲ್ಲಿ ಚರ್ಚೆಗೆ ಏನಿದೆ?

ಇದೆಯಂತೆ. ಆ ಚರ್ಚೆಯನ್ನು ನಮ್ಮ ಮನೆಗೆ ತಂದವಳು ನನ್ನ ತಂಗಿಯ ಮಗಳು. ಅವಳು ಜಗಳೂರಿನವಳು, ದಾವಣಗೆರೆಯಲ್ಲಿ ಚಿತ್ರಕಲೆ ಓದುತ್ತಾಳೆ. 2024ರ ದೀಪಾವಳಿಗೆಂದು ಚನ್ನಗಿರಿಯ ಅಜ್ಜಿ ಮನೆಗೆ ಬಂದಿದ್ದಳು. ಅದು ಅಡಿಕೆ ಕೊಯ್ಲಿನ ಕಾಲ. ಅಂಗಳದ ತುಂಬ ಬೇಯಿಸಿದ ಅಡಿಕೆ ಹರಡಿತ್ತು, ಸುಲಿಯುವ ಹೆಂಗಸರ ಮಾತು ನಿಲ್ಲುತ್ತಿರಲಿಲ್ಲ, ಹಂಡೆಯಲ್ಲಿ ಚೊಗರು ಕುದಿಯುತ್ತಿತ್ತು. ಅವರ ನಡುವೆಯೇ ಕೂತು ಈ ಹುಡುಗಿ ಒಂದು ಚಿತ್ರ ಬರೆದಳು.

ಹದಿನೇಳು ಹದಿನೆಂಟರ ಹೆಣ್ಣು. ಮುಖದ ಅರ್ಧವೆಲ್ಲ ಕಣ್ಣೇ. ಮೂಗು ಇದ್ದೂ ಇಲ್ಲದಂತೆ ಒಂದು ಚುಕ್ಕೆ, ಗಲ್ಲ ಸೂಜಿಯ ಮೊನೆ. ತಲೆಯ ಮೇಲೆ ಎರಡು ಹುಲಿಕಿವಿ, ಲಂಗದ ಹಿಂದಿನಿಂದ ಇಣುಕುವ ಬಾಲ, ಕಾಲಿಗೆ ಗೆಜ್ಜೆ. ಇಷ್ಟಾದರೂ ಒಪ್ಪಿಕೊಳ್ಳಬಹುದಿತ್ತು. ಆದರೆ ಆ ಹುಲಿಹೆಣ್ಣು ಕಪ್ಪು! ಕೂದಲು, ಕೆನ್ನೆ, ತೋಳು ಎಲ್ಲ ಕಡೆಯೂ ದಪ್ಪ ಕಪ್ಪು ಪಟ್ಟೆಗಳು ಒಂದಕ್ಕೊಂದು ಕೂಡಿಕೊಂಡು, ಸಂದಿಯಲ್ಲಿ ಅಲ್ಲೊಂದು ಇಲ್ಲೊಂದು ಎಳೆಯಷ್ಟೇ ಕಂದು ಕಾಣುತ್ತಿತ್ತು. ಆ ಎಳೆಗಳಿಗೆ ಅವಳು ಬಳಿದದ್ದು ಅಂಗಡಿಯ ಬಣ್ಣವಲ್ಲ, ನಮ್ಮ ಹಂಡೆಯ ಚೊಗರು. ಚಿತ್ರದ ಕೆಳಗೆ ಹೆಸರು ಬರೆದಿದ್ದಳು: ಕಾಡಿಗೆ.

ನಮ್ಮ ಅವ್ವ ಕನ್ನಡಕ ಏರಿಸಿಕೊಂಡು ನೋಡಿದಳು. “ಇದೇನ್ ಕೂಸೆ, ಹೆಣ್ಣಿಗೆ ಬಾಲ ಇಟ್ಟೀಯಲ್ಲ! ಅದೂ ಕರ್ರಗೆ! ಒಂಚೂರು ಅರಿಶಿನ ಆದ್ರೂ ಹಚ್ಚಬಾರದಿತ್ತಾ? ಇಂಥೋಳನ್ನ ಯಾರು ನೋಡಾಕೆ ಬರ್ತಾರೆ?”

“ಇವಳು ಯಾರೂ ನೋಡಲಿ ಅಂತ ಕೂತಿಲ್ಲ ಅಜ್ಜಿ. ಕಣ್ಣಿಗೆ ಹಚ್ಚೋದೂ ಕಾಡಿಗೆ, ಇವಳು ಹೊಂಟಿರೋದೂ ಕಾಡಿಗೆ” ಎಂದಳು ಹುಡುಗಿ.

ಇಂಥ ದೊಡ್ಡಕಣ್ಣಿನ ಗೊಂಬೆಗಳಿಗೆ ‘ಅನಿಮೆ’ ಎನ್ನುತ್ತಾರೆ, ಜಪಾನಿನಿಂದ ಬಂದದ್ದು. ನಿಮ್ಮ ಮನೆಯ ಮಕ್ಕಳೂ ಮೊಬೈಲಿನಲ್ಲಿ ನೋಡುತ್ತಿರಬಹುದು. 1950ರಲ್ಲಿ ಒಸಾಮು ತೆಜುಕಾ ಎಂಬ ಚಿತ್ರಗಾರರು ಕಾಡಿನ ರಾಜನ ಕತೆಯೊಂದನ್ನು ಚಿತ್ರಗಳಲ್ಲಿ ಬರೆಯತೊಡಗಿದರು. ಅದರ ನಾಯಕ ಒಂದು ಬಿಳಿ ಸಿಂಹದ ಮರಿ. 1965ರಲ್ಲಿ ಅದು ಜಪಾನಿನ ಟೀವಿಗೂ ಬಂತು. ಹೀಗೆ ಅಪರೂಪದ ಬಣ್ಣದ ಪ್ರಾಣಿಯನ್ನು ನಾಯಕನನ್ನಾಗಿ ಮಾಡುವುದು ಅವರಿಗೆ ಹಳೆಯ ಅಭ್ಯಾಸ. ಈಚಿನ ವರ್ಷಗಳಲ್ಲಿ ‘ಕೆಮೊನೊ ಫ್ರೆಂಡ್ಸ್’ ಎಂಬ ಕತೆಯಲ್ಲಿ ಪ್ರಾಣಿಗಳೆಲ್ಲ ಹುಡುಗಿಯರಾಗಿಬಿಟ್ಟಿವೆ. ಬಿಳಿ ಹುಲಿಯೂ ಅಲ್ಲೊಬ್ಬ ಹುಡುಗಿ. ಅವ್ವ ಮೂಗು ಮುರಿದದ್ದು ನಿಜ. ಆದರೆ ಸಿಂಹದ ತಲೆಯ ನರಸಿಂಹನಿಗೂ ಆನೆಯ ತಲೆಯ ಗಣಪನಿಗೂ ಕೈಮುಗಿಯುವ ನಾವು ಬಾಲವಿರುವ ಹುಡುಗಿಯನ್ನು ಕಂಡು ಬೆಚ್ಚುವುದೇಕೆ? ಜಪಾನಿನವರು ನಮ್ಮವರೊಡನೆ ಸೇರಿ ರಾಮಾಯಣವನ್ನೇ ಇದೇ ಬಗೆಯಲ್ಲಿ ಚಿತ್ರಿಸಿದ್ದರು. 1990ರ ದಶಕದ ಆರಂಭದ ಆ ಚಿತ್ರ 2025ರ ಜನವರಿಯಲ್ಲಿ ನಮ್ಮ ಚಿತ್ರಮಂದಿರಗಳಿಗೆ ಬಂತು. ಅಲ್ಲಿ ರಾಮನ ಕಣ್ಣೂ ದೊಡ್ಡದೇ.

ಈ ಹುಡುಗಿಗೆ ಅನಿಮೆಯ ಹುಚ್ಚು ಹಿಡಿದದ್ದಕ್ಕೆ ಬೇರೊಂದು ಕಾರಣವಿದೆ. ಅವಳ ಅಣ್ಣನಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ನಮ್ಮ ಧಾರಾವಾಹಿ, ಸಿನಿಮಾ ಹಾಕಿದರೆ ಮನೆಯವರೆಲ್ಲ ನಗುವಾಗ ಅವನು ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಕೂರಬೇಕು. ಜಪಾನಿನ ಚಿತ್ರಕ್ಕೆ ಹಾಗಿಲ್ಲ. ಆ ಭಾಷೆ ಯಾರಿಗೂ ಬರುವುದಿಲ್ಲವಾದ್ದರಿಂದ ಮಾತನ್ನೆಲ್ಲ ಕೆಳಗೆ ಇಂಗ್ಲಿಷಿನಲ್ಲಿ ಬರೆದು ತೋರಿಸುತ್ತಾರೆ. ಅಣ್ಣನೂ ಓದಬೇಕು, ತಂಗಿಯೂ ಓದಬೇಕು. “ಅದು ನೋಡುವಾಗ ಮಾತ್ರ ನಾವಿಬ್ಬರೂ ಸಮ ದೊಡ್ಡಮ್ಮ” ಎಂದು ಒಮ್ಮೆ ಹೇಳಿದ್ದಳು. ಅವಳು ಪೆನ್ಸಿಲ್ ಹಿಡಿದದ್ದೂ ಅವನಿಗೆ ಮಾತು ತಿಳಿಸಲಿಕ್ಕೇ. ಕೈಸನ್ನೆಗೆ ಬಾರದ್ದನ್ನು ಬರೆದು ತೋರಿಸುತ್ತಿದ್ದಳು. ಬರೆಯುತ್ತ ಬರೆಯುತ್ತ ಕೈ ಪಳಗಿತು.

ಅವಳ ಪುಸ್ತಕದಲ್ಲಿ ನಾಲ್ಕು ಹುಲಿಹೆಣ್ಣುಗಳಿದ್ದರು: ಬಿಳಿ, ಹೊನ್ನು, ನೀಲಿ, ಕಪ್ಪು. ನಾಲ್ಕಕ್ಕೂ ಅವಳು ಆಧಾರ ಹುಡುಕಿಟ್ಟಿದ್ದಳು. ಮೇಷ್ಟರ ಮನೆತನದ ಹುಡುಗಿಯಲ್ಲವೇ, ಬರಿಗೈಯಲ್ಲಿ ಮಾತಾಡುವವಳಲ್ಲ.

ನೀಲಿ ಹುಲಿಯ ಕತೆ ಚೀನಾದ್ದು. 1910ರಲ್ಲಿ ಫುಜಿಯಾನ್ ಪ್ರಾಂತದಲ್ಲಿ ಹ್ಯಾರಿ ಕಾಲ್ಡ್‌ವೆಲ್ ಎಂಬ ಅಮೆರಿಕದ ಪಾದ್ರಿಯೊಬ್ಬರು ಪೊದೆಯ ಬಳಿ ನೀಲಿ ಬಟ್ಟೆ ತೊಟ್ಟ ಮನುಷ್ಯ ಕೂತಿದ್ದಾನೆ ಎಂದುಕೊಂಡರಂತೆ. ದಿಟ್ಟಿಸಿ ನೋಡಿದರೆ ಹುಲಿ! ಗುಂಡು ಹೊಡೆಯೋಣವೆಂದರೆ ಆಚೆ ಹಳ್ಳದಲ್ಲಿ ಮಕ್ಕಳಿದ್ದರು. ಜಾಗ ಬದಲಿಸುವಷ್ಟರಲ್ಲಿ ಹುಲಿ ಮಾಯ. ಅವರು 1924ರಲ್ಲಿ ತಂದ ಪುಸ್ತಕದ ಹೆಸರೇ ‘ನೀಲಿ ಹುಲಿ’. ಅದರ ಚರ್ಮವಾಗಲಿ ಫೋಟೋ ಆಗಲಿ ಯಾರಿಗೂ ಸಿಕ್ಕಿಲ್ಲ. ಹೊನ್ನಿನ ಹುಲಿ ಹಾಗಲ್ಲ. ಅಸ್ಸಾಮಿನ ಕಾಜಿರಂಗದಲ್ಲಿ ಅಂಥದೊಂದು ಹೆಣ್ಣುಹುಲಿಯ ಫೋಟೋ 2020ರಲ್ಲಿ ಎಲ್ಲರ ಮೊಬೈಲುಗಳಲ್ಲೂ ಓಡಾಡಿತು.

ಬಿಳಿ ಹುಲಿಯನ್ನು ನೀವೂ ಮೃಗಾಲಯದಲ್ಲಿ ನೋಡಿರುತ್ತೀರಿ. ಹಳದಿ ಹುಲಿಯ ಗೂಡಿನ ಮುಂದೆ ಹತ್ತು ಜನ ಇದ್ದರೆ ಬಿಳಿಯದರ ಮುಂದೆ ನೂರು ಜನ. ವಧೂವರರ ಜಾಹೀರಾತಿನಲ್ಲಿ ‘ಬೆಳ್ಳಗಿರುವ’ ಎಂಬ ಮಾತನ್ನು ಮರೆಯದೆ ಹಾಕಿಸುವ ನಾಡಲ್ಲವೇ ನಮ್ಮದು, ಹುಲಿಯಾದರೂ ಬಿಳಿಯಾಗಿದ್ದರೇ ಚೆಂದ. ಆ ಬಿಳುಪಿನ ಹಿಂದಿನ ಕತೆಯನ್ನು ಮಾತ್ರ ಗೂಡಿನ ಮುಂದಿನ ಹಲಗೆಯ ಮೇಲೆ ಬರೆಸುವುದಿಲ್ಲ. 1951ರ ಮೇ 27ರಂದು ರೇವಾದ ಮಹಾರಾಜ ಮಾರ್ತಾಂಡ ಸಿಂಗರ ಬೇಟೆಯಲ್ಲಿ ಒಂದು ಬಿಳಿ ಹುಲಿಮರಿ ಸಿಕ್ಕಿತು. ಅದಕ್ಕೆ ಮೋಹನ್ ಎಂದು ಹೆಸರಿಟ್ಟು ಗೋವಿಂದಗಢದ ಅರಮನೆಯಲ್ಲಿ ಸಾಕಿದರು. ಹಳದಿ ಬಣ್ಣದ ಬೇಗಂ ಎಂಬ ಹುಲಿಯೊಡನೆ ಕೂಡಿಸಿದಾಗ ಹುಟ್ಟಿದ ಮರಿಗಳೆಲ್ಲ ಹಳದಿಯೇ ಆದವು. ಕೊನೆಗೆ ಆ ಮರಿಗಳಲ್ಲೇ ಒಬ್ಬಳಾದ ರಾಧಾಳನ್ನು, ಅಂದರೆ ಮೋಹನನ ಮಗಳನ್ನೇ, ಅವನೊಡನೆ ಕೂಡಿಸಿದರು. 1958ರಲ್ಲಿ ನಾಲ್ಕು ಬಿಳಿ ಮರಿಗಳು ಹುಟ್ಟಿದವು. ಅವುಗಳಲ್ಲಿ ಮೋಹಿನಿ ಎಂಬುದು 1960ರಲ್ಲಿ ಅಮೆರಿಕಕ್ಕೂ ಹೋಯಿತು. ಅಲ್ಲಿಂದ ಮುಂದೆ ಬಿಳುಪನ್ನು ಉಳಿಸಿಕೊಳ್ಳಲೆಂದು ತಲೆಮಾರಿನಿಂದ ತಲೆಮಾರಿಗೆ ರಕ್ತಸಂಬಂಧದಲ್ಲೇ ಕೂಡಿಸಿದರು. ಬಿಳಿ ಹುಲಿಗಳಲ್ಲಿ ಎಷ್ಟೋ ಮೆಳ್ಳಗಣ್ಣಿನವು. ಕಣ್ಣಿನಿಂದ ಮಿದುಳಿಗೆ ಹೋಗುವ ನರಗಳ ದಾರಿಯೇ ಅವುಗಳಲ್ಲಿ ಹೆಚ್ಚುಕಡಿಮೆಯಾಗಿರುತ್ತದೆ. ನಾವು ಅದರ ಬಣ್ಣ ನೋಡಲು ಹೋಗುತ್ತೇವೆ. ಅದಕ್ಕೆ ನಾವು ಸರಿಯಾಗಿ ಕಾಣುವುದಿಲ್ಲ.

ಇನ್ನು ಹುಡುಗಿಯ ಕಾಡಿಗೆ. ಕಪ್ಪು ಹುಲಿಗಳು ನಿಜವಾಗಿಯೂ ಇವೆ, ಒಡಿಶಾದ ಸಿಮಿಲಿಪಾಲ್ ಕಾಡಿನಲ್ಲಿ. ಇಡೀ ಪ್ರಪಂಚದಲ್ಲಿ ಸ್ವತಂತ್ರವಾಗಿ ಓಡಾಡುವ ಕಪ್ಪು ಹುಲಿಗಳು ಕಂಡದ್ದು ಅಲ್ಲಿ ಮಾತ್ರ. 2022ರ ಹುಲಿಗಣತಿಯಲ್ಲಿ ಆ ಕಾಡಿನಲ್ಲಿ ಸಿಕ್ಕ ಹುಲಿಗಳು 16. ಅವುಗಳಲ್ಲಿ 10 ಕಪ್ಪು. ಇವು ಕಬಿನಿಯ ಕರಿಚಿರತೆಯಂತೆ ಮೈಯೆಲ್ಲ ಮಸಿಯಾದವಲ್ಲ. ಪಟ್ಟೆಗಳೇ ಅಗಲವಾಗಿ ಹರಡಿ ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಕಣ್ಣೀರಿಗೆ ಕಾಡಿಗೆ ಕದಡಿ ಕೆನ್ನೆಗೆಲ್ಲ ಹರಡಿದ ಹಾಗೆ. ಹೀಗೇಕೆ ಎಂದು ಕಂಡುಹಿಡಿದವರು ನಮ್ಮ ಬೆಂಗಳೂರಿನವರೇ. ಎನ್‌ಸಿಬಿಎಸ್ ಎಂದು ಕರೆಯುವ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದ ಉಮಾ ರಾಮಕೃಷ್ಣನ್ ಎಂಬ ವಿಜ್ಞಾನಿ, ಅವರ ವಿದ್ಯಾರ್ಥಿ ವಿನಯ್ ಸಾಗರ್ ಮತ್ತು ಜೊತೆಗಾರರು 2021ರ ಸೆಪ್ಟೆಂಬರಿನಲ್ಲಿ ಇದನ್ನು ಪ್ರಕಟಿಸಿದರು. ‘ಟ್ಯಾಕ್‌ಪೆಪ್’ ಎಂಬ ಒಂದು ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾದದ್ದು ಇದಕ್ಕೆ ಕಾರಣವಂತೆ. ನಮ್ಮ ಮನೆಬೆಕ್ಕುಗಳಲ್ಲಿ ಕೆಲವಕ್ಕೆ ಗೆರೆಗೆರೆ, ಕೆಲವಕ್ಕೆ ಮೋಡ ಕಲಸಿದಂಥ ಪಟ್ಟೆ ಇರುತ್ತದಲ್ಲ, ಅದಕ್ಕೂ ಇದೇ ಜೀನು ಕಾರಣ.

ಒಂದಕ್ಷರದ ತಪ್ಪಿಗೆ ಇಷ್ಟೆಲ್ಲ ಆಗುತ್ತದೆಯೇ ಎಂದು ನೀವು ಕೇಳಬಹುದು. ಒಂದು ತಪ್ಪಿನಿಂದ ಆಗುವುದಿಲ್ಲ, ಅದೇ ತಪ್ಪು ಎರಡಾದಾಗ ಆಗುತ್ತದೆ. ತರಗತಿಯ ಉದಾಹರಣೆಯನ್ನೇ ಕೊಡುತ್ತೇನೆ. ಪ್ರತಿ ಜೀವಿಯ ಹತ್ತಿರವೂ ಒಂದೇ ಪಾಠದ ಎರಡು ನೋಟ್ಸು ಇರುತ್ತವೆ, ಒಂದು ತಾಯಿ ಕೊಟ್ಟದ್ದು, ಇನ್ನೊಂದು ತಂದೆ ಕೊಟ್ಟದ್ದು. ತಾಯಿಯ ನೋಟ್ಸಿನಲ್ಲಿ ಒಂದು ಕಡೆ ತಪ್ಪಿದ್ದರೆ ತಂದೆಯದರಲ್ಲಿ ಅಲ್ಲಿ ಸರಿಯಾಗಿರುತ್ತದೆ, ನೋಡಿಕೊಂಡು ನಡೆಸಬಹುದು. ತಪ್ಪು ಯಾರ ನೋಟ್ಸಿನಲ್ಲೂ ಇಲ್ಲದೆ ಇರುವುದಿಲ್ಲ, ನಿಮ್ಮದರಲ್ಲೂ ಇದೆ, ನನ್ನದರಲ್ಲೂ ಇದೆ. ಆದರೆ ತಂದೆತಾಯಿ ಇಬ್ಬರೂ ಒಂದೇ ಹಳೆಯ ನೋಟ್ಸಿನಿಂದ ನಕಲು ಮಾಡಿದ್ದರೆ? ಇಬ್ಬರಲ್ಲೂ ಅದೇ ಪುಟದಲ್ಲಿ ಅದೇ ಅಕ್ಷರ ತಪ್ಪಿರುವ ಸಂಭವ ಹೆಚ್ಚು. ಪರೀಕ್ಷೆಯಲ್ಲಿ ನಕಲು ಮಾಡಿದವರನ್ನು ನಾವು ಹಿಡಿಯುವುದೂ ಹೀಗೆಯೇ ಅಲ್ಲವೇ!

ಸಿಮಿಲಿಪಾಲಿನಲ್ಲಿ ಆದದ್ದು ಇದು. ಸುತ್ತಲಿನ ಕಾಡುಗಳು ಕರಗಿ, ಆ ಕಾಡು ಒಂದು ನಡುಗಡ್ಡೆಯಂತಾಯಿತು. ಬೇರೆ ಹುಲಿಗಳಿರುವ ಕಾಡು ಬಹಳ ದೂರ. ಹೊರಗಿನ ಹುಲಿ ಬರುವ ಹಾಗಿಲ್ಲ, ಒಳಗಿನದು ಹೋಗುವ ಹಾಗಿಲ್ಲ. ಉಳಿದ ಕೆಲವೇ ಹುಲಿಗಳು ತಮ್ಮತಮ್ಮಲ್ಲೇ ಸಂಬಂಧ ಬೆಳೆಸಿದವು. ನಮ್ಮ ಕಡೆಯ ಹುಲಿಗಳು ಪುಣ್ಯವಂತರು. ಬಂಡೀಪುರದ್ದು ನಾಗರಹೊಳೆಗೆ ಹೋದೀತು, ವಯನಾಡಿಗೋ ಮುದುಮಲೆಗೋ ದಾಟೀತು. ಕಾಡಿಗೆ ಕಾಡು ಅಂಟಿಕೊಂಡಿದೆ, ಬೀಗರ ಊರು ಹತ್ತಿರ. 2022ರ ಗಣತಿಯಲ್ಲಿ ಕರ್ನಾಟಕದಲ್ಲಿ 563 ಹುಲಿಗಳಿದ್ದವು.

ಇಷ್ಟನ್ನು ಹುಡುಗಿ ಹೇಳಿ ಮುಗಿಸಿದಾಗ ನನಗೆ ಹುಲಿಗಿಂತ ಹೆಚ್ಚಾಗಿ ನಮ್ಮ ಮನೆಯೇ ಕಣ್ಣ ಮುಂದೆ ಬಂತು.

ಅವ್ವ ಜಗಳೂರಿನ ಕಡೆಯವಳು. ಮಳೆ ಕಾಣದ ಎರೆಹೊಲ, ಜೋಳದ ರೊಟ್ಟಿ, ದೂರದವರೆಗೆ ಕಾಣುವ ಬಯಲು. ಹದಿನೆಂಟಕ್ಕೆ ಮದುವೆಯಾಗಿ ಚನ್ನಗಿರಿಯ ಅಡಿಕೆ ತೋಟದ ಮನೆಗೆ ಬಂದಳು. ನಡುಹಗಲಲ್ಲೂ ನೆರಳು, ಕಾಲಿಗೆ ಕೆಸರು, ಊಟಕ್ಕೆ ಅನ್ನ. ಅವಳಿಗೆ ಉಸಿರು ಕಟ್ಟಿದಂತಾಗುತ್ತಿತ್ತಂತೆ. ತವರು ದಾವಣಗೆರೆಯಿಂದಲೂ ಆಚೆ, ಎರಡು ಬಸ್ಸಿನ ದಾರಿ. ಯುಗಾದಿಗೊಮ್ಮೆ, ಗೌರಿಹಬ್ಬಕ್ಕೊಮ್ಮೆ ಕರೆಯಲು ಬಂದರೆ ಬಂದರು. ಆ ದೂರವನ್ನು ಕಡಿಮೆ ಮಾಡಲು ಅವ್ವ ಒಂದು ಉಪಾಯ ಕಂಡುಕೊಂಡಳು: ನನ್ನ ತಂಗಿಯನ್ನು ತನ್ನ ಕಿರಿಯ ತಮ್ಮನಿಗೇ ಕೊಟ್ಟಳು. 1997ರಲ್ಲಿ, ನಮ್ಮ ತಾಲ್ಲೂಕು ಶಿವಮೊಗ್ಗ ಜಿಲ್ಲೆ ಬಿಟ್ಟು ಹೊಸ ದಾವಣಗೆರೆ ಜಿಲ್ಲೆಗೆ ಸೇರಿದ ವರ್ಷವೇ, ಆ ಮದುವೆಯಾಯಿತು. ಸೋದರಮಾವನಿಗೆ ಕೊಡುವುದು ನಮ್ಮಲ್ಲಿ ಹೊಸದೇನಲ್ಲ. 1955ರ ಹಿಂದೂ ವಿವಾಹ ಕಾಯಿದೆಯೂ ಅಂಥ ರೂಢಿಯಿದ್ದವರಿಗೆ ಅಡ್ಡಬರುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಹೆಂಗಸರಲ್ಲಿ ನೂರಕ್ಕೆ 25ಕ್ಕೂ ಹೆಚ್ಚು ಮಂದಿ ರಕ್ತಸಂಬಂಧದಲ್ಲೇ ಮದುವೆಯಾದವರು. ಆಸ್ತಿ ಒಳಗೇ ಉಳಿಯುತ್ತದೆ, ಅತ್ತೆ ಗೊತ್ತಿದ್ದವಳು, ಮಗಳು ಕಣ್ಣ ಮುಂದೆ ಇರುತ್ತಾಳೆ. ಹೆಣ್ಣುಮಕ್ಕಳ ಒಂಟಿತನಕ್ಕೆ ಹೆಣ್ಣುಮಕ್ಕಳೇ ಹುಡುಕಿಕೊಂಡ ಮದ್ದು ಅದು. ಅವ್ವನನ್ನು ನಾನು ದೂರುವುದಿಲ್ಲ.

ತಂಗಿಯ ಮೊದಲ ಮಗುವಿಗೆ ಎರಡು ವರ್ಷವಾಗಿದ್ದಾಗ, ದೀಪಾವಳಿಯಲ್ಲಿ ಅವನ ಬೆನ್ನ ಹಿಂದೆಯೇ ಆಟಂಬಾಂಬು ಸಿಡಿಯಿತು. ಉಳಿದ ಮಕ್ಕಳು ಕಿರುಚಿ ಒಳಗೆ ಓಡಿದರು. ಇವನು ಮಣ್ಣಿನ ಹಣತೆ ಹಿಡಿದು ನಗುತ್ತಾ ಆಡುತ್ತಲೇ ಇದ್ದ. “ಎಂಥ ಧೈರ್ಯ!” ಎಂದು ಹಿರಿಯರು ಮೆಚ್ಚಿಕೊಂಡರು. ತಂಗಿಯ ಮುಖ ಮಾತ್ರ ಬಿಳಿಚಿಕೊಂಡಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು ಒಂದು ಹಾಳೆಯ ಮೇಲೆ ವಂಶದ ಮರ ಬರೆಯಹೊರಟರು. ಬರೆಯುತ್ತ ಹೋದರೆ ಕೊಂಬೆಗಳು ಬೇರೆಬೇರೆಯಾಗದೆ ತಿರುಗಿ ಅದೇ ಬುಡಕ್ಕೆ ಬರುತ್ತಿದ್ದವು. ಅವರು ಗಟ್ಟಿಯಾಗಿ ಏನೂ ಅನ್ನಲಿಲ್ಲ. ಸೋದರಿಕೆಯಲ್ಲಿ ಮದುವೆಯಾದವರಿಗೆಲ್ಲ ಹೀಗಾಗುವುದಿಲ್ಲ, ಆದರೆ ಆಗುವ ಸಂಭವ ಹೆಚ್ಚು ಎಂದು ಮೆಲ್ಲಗೆ ತಿಳಿಸಿದರು. ಆ ಹುಡುಗ ಈಗ ಇಪ್ಪತ್ತೈದು ದಾಟಿದ್ದಾನೆ, ದಾವಣಗೆರೆಯ ಮುದ್ರಣದ ಅಂಗಡಿಯೊಂದರಲ್ಲಿ ಕಂಪ್ಯೂಟರಿನ ಕೆಲಸ ಮಾಡುತ್ತಾನೆ. ಅವನು ಕೂಡಿಸಿದ ಲಗ್ನಪತ್ರಿಕೆಯಲ್ಲಿ ಒಂದು ಕಾಗುಣಿತ ತಪ್ಪಿರುವುದಿಲ್ಲ.

ನಮ್ಮ ನಂಟಿನ ಗೋಜಲು ಕೇಳಿದರೆ ನೀವು ನಗುತ್ತೀರಿ. ನನ್ನ ತಂಗಿಯ ಗಂಡ ನನಗೆ ಸೋದರಮಾವ. ಹುಡುಗಿಗೆ ನಮ್ಮ ಅವ್ವ ತಾಯಿಯ ಕಡೆಯಿಂದ ಅಜ್ಜಿ, ತಂದೆಯ ಕಡೆಯಿಂದ ಸೋದರತ್ತೆ. ನಾನು ಅವಳಿಗೆ ದೊಡ್ಡಮ್ಮನೂ ಹೌದು, ಅತ್ತೆಯ ಮಗಳಾದ್ದರಿಂದ ಅತ್ತಿಗೆಯೂ ಹೌದು. ಇಷ್ಟು ಸಾಲದೆಂದು ಆ ದೀಪಾವಳಿಯಲ್ಲಿ ಮನೆಯಲ್ಲಿ ಇನ್ನೊಂದು ಮಾತು ಶುರುವಾಗಿತ್ತು. ನನ್ನ ಕೊನೆಯ ತಮ್ಮನಿಗೆ ಮೂವತ್ತಾರು ವರ್ಷ. ನಾಲ್ಕೆಕರೆ ಅಡಿಕೆ ತೋಟ, ಸ್ವಂತ ಮನೆ, ಒಳ್ಳೆಯ ಗುಣ. ಆದರೂ ಹೆಣ್ಣು ಸಿಗುತ್ತಿಲ್ಲ. ರೈತ ಎಂದರೆ ಸಾಕು, ಹೆಣ್ಣಿನವರು ಕಾಫಿ ಕುಡಿಯುವ ಮೊದಲೇ ಏಳುತ್ತಾರೆ. ಕೊಟ್ಟ ಮನೆಯಿಂದಲೇ ಹೆಣ್ಣು ತಂದುಬಿಟ್ಟರೆ? “ಕೂಸು ನಮ್ಮದೇ, ತೋಟ ನಮ್ಮದೇ, ಜಾತಕ ಕೇಳೋದೂ ಬ್ಯಾಡ” ಎಂದಿದ್ದಳು ಅವ್ವ. ಹಾಗಾದರೆ ಅವ್ವ ಆ ಹುಡುಗಿಗೆ ಅಜ್ಜಿ, ಸೋದರತ್ತೆ, ಗಂಡನ ತಾಯಿ. ಒಂದೇ ಮುಖಕ್ಕೆ ಮೂರು ನಂಟು. ಆ ಮಾತು ಹುಡುಗಿಯ ಕಿವಿಗೂ ಬಿದ್ದಿತ್ತು. ಅವಳು ಎದುರಾಡಲಿಲ್ಲ, ಅಳಲಿಲ್ಲ. ಅಡಿಕೆಯ ಅಂಗಳದಲ್ಲಿ ಕೂತು ಕಾಡಿಗೆಯನ್ನು ಬರೆದಳು.

ಅದೇ ಹೊತ್ತಿಗೆ ಒಡಿಶಾದ ಅರಣ್ಯ ಇಲಾಖೆಯವರೂ ತಮ್ಮ ಹುಲಿಗಳಿಗೆ ಹೊರಗಿನ ಸಂಬಂಧ ಹುಡುಕುತ್ತಿದ್ದರು. ಮಹಾರಾಷ್ಟ್ರದ ತಾಡೋಬಾ ಕಾಡಿನಿಂದ ಎರಡು ಹೆಣ್ಣುಹುಲಿಗಳನ್ನು ಸಿಮಿಲಿಪಾಲಿಗೆ ತಂದರು. 2024ರ ಅಕ್ಟೋಬರ್ ಕೊನೆಯಲ್ಲಿ ಯಮುನಾ, ನವೆಂಬರಿನಲ್ಲಿ ಮೂರು ವರ್ಷದ ಜೀನತ್. ಹೊಸ ನೋಟ್ಸು ಬರಲಿ, ಹಳೆಯ ತಪ್ಪಿನ ಪಕ್ಕದಲ್ಲಿ ಒಂದು ಸರಿ ಅಕ್ಷರ ಕೂರಲಿ ಎಂದು. ಜೀನತ್ ಡಿಸೆಂಬರಿನಲ್ಲಿ ಕಾಡು ಬಿಟ್ಟು ನಡೆದೇಬಿಟ್ಟಳು! ಜಾರ್ಖಂಡ್ ದಾಟಿದಳು, ಪಶ್ಚಿಮ ಬಂಗಾಳದ ಝಾರ್‌ಗ್ರಾಮ್, ಪುರುಲಿಯಾ ಸುತ್ತಿದಳು. ಕೊರಳಲ್ಲಿ ರೇಡಿಯೋ ಪಟ್ಟಿ ಇದ್ದುದರಿಂದ ಎಲ್ಲಿದ್ದಾಳೆಂದು ತಿಳಿಯುತ್ತಿತ್ತು. ಮೂರು ರಾಜ್ಯಗಳ ಅರಣ್ಯದವರು ಹಿಂದೆ ಹಿಂದೆ. ಮೂರು ವಾರ ಸುತ್ತಾಡಿಸಿ ಡಿಸೆಂಬರ್ 29ರಂದು ಬಾಂಕುರಾದಲ್ಲಿ ಅರಿವಳಿಕೆ ಕೊಟ್ಟ ಮೇಲೆ ಕೈಗೆ ಸಿಕ್ಕಳು. ಕೋಲ್ಕತ್ತದಲ್ಲಿ ಆರೋಗ್ಯ ತಪಾಸಿಸಿ, ಹೊಸವರ್ಷದ ಹೊತ್ತಿಗೆ ಸಿಮಿಲಿಪಾಲಿಗೆ ತಿರುಗಿ ಕಳಿಸಿದರು. ಆ ಮೂರು ವಾರವೂ ನಮ್ಮ ಹುಡುಗಿ ದಿನಾ ರಾತ್ರಿ ಅವ್ವನಿಗೆ ಫೋನು ಮಾಡಿ ಜೀನತ್ ಎಲ್ಲಿಗೆ ಬಂದಳೆಂದು ಹೇಳುತ್ತಿದ್ದಳು. ಮೊದಲು ಗೊಣಗಿದ ಅವ್ವ ಆಮೇಲೆ ಧಾರಾವಾಹಿ ಬಿಟ್ಟು ಫೋನಿಗೆ ಕಾಯತೊಡಗಿದಳು. “ಇವತ್ತೇನ್ ತಿಂದ್ಲಂತೆ? ಮಲಗಿದ್ಲಂತಾ?” ಎಂದು ಕೇಳುತ್ತಿದ್ದಳು.

ಸಂಕ್ರಾಂತಿಗೆ ಎಲ್ಲರೂ ಕೂಡಿದಾಗ ಮದುವೆಯ ಮಾತು ಮತ್ತೆ ಎದ್ದಿತು. ಎಳ್ಳುಬೆಲ್ಲದ ತಟ್ಟೆ ಮುಂದಿತ್ತು. ನಾನು ನೋಟ್ಸಿನ ಲೆಕ್ಕ ಹೇಳಿದೆ, ಡಾಕ್ಟರ ಹಾಳೆಯನ್ನು ನೆನಪಿಸಿದೆ. ತಂಗಿ ತಲೆ ತಗ್ಗಿಸಿ ಕೂತಿದ್ದಳು. ಮಗನ ಮುಂದೆ ಅವನ ಕಿವಿಯ ಮಾತು ಎತ್ತುವುದೆಂದರೆ ಅವಳಿಗೆ ಜೀವ ಹಿಂಡಿದಂತೆ. ಅವ್ವ ಸಿಟ್ಟಿನಿಂದಲೇ, “ಹಂಗಾರೆ ನನ್ನ ಮೊಮ್ಮಗ ಹುಟ್ಟಿದ್ದೇ ತಪ್ಪಾ?” ಎಂದಳು.

ಹುಡುಗಿ ಅಣ್ಣನಿಗೆ ಕಾಣುವ ಹಾಗೆ ಕೈಸನ್ನೆ ಮಾಡುತ್ತಲೇ ಅಜ್ಜಿಗೆ ಉತ್ತರ ಕೊಟ್ಟಳು. “ಅಲ್ಲ ಅಜ್ಜಿ. ಹುಲಿ ಕಪ್ಪಾಗಿದ್ದು ತಪ್ಪಲ್ಲ, ಅದು ಚೆಂದಾನೇ ಐತೆ. ಅಣ್ಣಂಗೆ ಕೇಳಿಸದೇ ಇರೋದೂ ತಪ್ಪಲ್ಲ. ನನ್ನ ಕಾಡಿಗೆಗೂ ಕಿವಿ ಕೇಳಲ್ಲ, ಅಣ್ಣನ ಹಂಗೇ ಕಣ್ಣಾಗೇ ಎಲ್ಲ ತಿಳಕೊಂತಾಳೆ, ಅದಕ್ಕೇ ಅಷ್ಟು ದೊಡ್ಡ ಕಣ್ಣು. ಆದ್ರೆ ಆ ಕಾಡಿಗೆ ಬಾಗ್ಲು ಇಲ್ದಂಗೆ ಆಗೇತಲ್ಲ, ಅದು ತಪ್ಪು. ಇವತ್ತು ಬರೀ ಬಣ್ಣ ಬದಲಾಗೇತೆ, ನಾಳೆ ಏನು ಬದಲಾಗ್ತೈತೋ ಯಾರಿಗೆ ಗೊತ್ತು?”

ಅವಳ ಅಣ್ಣ ಸನ್ನೆಯಲ್ಲಿ ಏನೋ ಸೇರಿಸಿದ. ಅವಳು ನಕ್ಕು ನಮಗೆ ತಿಳಿಸಿದಳು: “ಮಾವನನ್ನೂ ಯಾರಾದ್ರೂ ಒಂದು ಮಾತು ಕೇಳಿ ಅಂತಾನೆ.”

ಅಷ್ಟು ಹೊತ್ತೂ ಬಾಗಿಲ ಹತ್ತಿರ ನಿಂತಿದ್ದ ನನ್ನ ತಮ್ಮ ಆಗ ಬಾಯಿಬಿಟ್ಟ. “ನಾನೇ ತೊಟ್ಟಿಲು ತೂಗಿದ ಕೂಸು ಅದು. ನಿಮಗೆ ಹೇಳಾಕೆ ಬಾಯಿ ಬರ್ತಿರಲಿಲ್ಲ” ಎಂದ. ಆ ಮಾತಿಗಾಗಿ ಅವನು ಎಷ್ಟು ತಿಂಗಳು ಕಾದಿದ್ದನೋ.

ಅವ್ವ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಯಾರೂ ನಿರೀಕ್ಷಿಸದ ಕಡೆಯಿಂದ ಮಾತು ತೆಗೆದಳು. “ಆ ಹೆಣ್ಣುಹುಲಿ ಓಡಿಹೋಗಿದ್ದು ತಪ್ಪೇನಲ್ಲ ಬಿಡ್ರಿ. ನಾನೂ ಓಡಿಹೋಗಿದ್ದೆ.” ನಾವು ಮೂವರು ಮಕ್ಕಳೂ ಕಣ್ಣುಕಣ್ಣು ಬಿಟ್ಟೆವು. ಮದುವೆಯಾದ ವರ್ಷ, ಯಾರಿಗೂ ಹೇಳದೆ, ಜಗಳೂರು ಯಾವ ದಿಕ್ಕಿಗಿದೆ ಎಂದು ದಾರಿಯಲ್ಲಿ ಸಿಕ್ಕವರನ್ನು ಕೇಳುತ್ತಾ ನಡೆದಳಂತೆ. ಸಂತೇಬೆನ್ನೂರಿನ ಪುಷ್ಕರಣಿಯ ಮೆಟ್ಟಿಲ ಮೇಲೆ ಕಾಲು ನೀರಿಗೆ ಇಳಿಬಿಟ್ಟು ಕೂತಿದ್ದಾಗ ನಮ್ಮಪ್ಪ ಸೈಕಲ್ಲು ತುಳಿದುಕೊಂಡು ಬಂದರು. ಬೈಯಲಿಲ್ಲ. ಪಕ್ಕದಲ್ಲೇ ಕೂತು, ಇಬ್ಬರೂ ಮಂಡಕ್ಕಿ ತಿಂದು, ಸಂಜೆಯ ಮೇಲೆ ಹೊರಟರಂತೆ. “ನಿಮ್ಮಪ್ಪ ಅವತ್ತು ಬೈದಿದ್ರೆ ನಾನು ಮತ್ತೆ ಓಡಿಹೋಗ್ತಿದ್ದೆ. ಹೊರಗಿಂದ ಬಂದೋಳಿಗೆ ಟೈಮು ಹಿಡಿತೈತೆ. ಕಾಯೋರು ಬೇಕು. ನಿಮ್ಮ ಹುಲಿಯೋರು ಹೊತ್ತುಕೊಂಡು ಬರೋದಷ್ಟೇ ಅಲ್ಲ, ಕಾಯಾಕೂ ಕಲೀಬೇಕು” ಎಂದಳು. ಸ್ವಲ್ಪ ತಡೆದು, ತಮ್ಮನ ಕಡೆ ತಿರುಗಿ, “ನಿಂಗೆ ಹಾವೇರಿ ಕಡೆ ಹೇಳಿ ಕಳಸ್ತೀನಿ. ಬಂದೋಳು ಓಡಿಹೋದ್ರೆ ಸೈಕಲ್ ತಗಂಡ್ ನೀನೇ ಹೋಗ್ಬೇಕು ಮತ್ತೆ” ಎಂದಳು. ತಂಗಿ ಆ ದಿನ ಮೊದಲ ಸಲ ನಕ್ಕಳು.

ತಮ್ಮನಿಗೆ ಹೆಣ್ಣು ಇನ್ನೂ ಗೊತ್ತಾಗಿಲ್ಲ. ಅದೇನು ಒಂದು ಸಂಕ್ರಾಂತಿಯಲ್ಲಿ ಮುಗಿಯುವ ಕೆಲಸವಲ್ಲ. ಹುಡುಗಿ ಕಾಲೇಜು ಮುಗಿಸುವ ತಯಾರಿಯಲ್ಲಿದ್ದಾಳೆ. ಅವಳ ಪುಸ್ತಕದಲ್ಲೀಗ ಐದನೆಯ ಹುಲಿಹೆಣ್ಣು ಸೇರಿದ್ದಾಳೆ. ಅವಳದು ಯಾವ ಅಪರೂಪದ ಬಣ್ಣವೂ ಅಲ್ಲ, ನಮ್ಮ ಮಕ್ಕಳ ಪೆನ್ಸಿಲ್ ಡಬ್ಬಿಯ ಅದೇ ಹಳೆಯ ಹಳದಿ. ಹೆಗಲ ಮೇಲೆ ಗಂಟು, ಕಾಲಲ್ಲಿ ಧೂಳು, ಬಹಳ ದೂರದಿಂದ ನಡೆದು ಬಂದ ಸುಸ್ತು. ಎದುರಿಗೆ ಕಾಡಿಗೆ ಒಂದು ಚೊಂಬು ನೀರು ಹಿಡಿದು ನಿಂತಿದ್ದಾಳೆ. ಆ ಚಿತ್ರವನ್ನು ಅಣ್ಣ ತನ್ನ ಅಂಗಡಿಯಲ್ಲಿ ದೊಡ್ಡದಾಗಿ ಮುದ್ರಿಸಿ ಕಳಿಸಿದ. ಅವ್ವ ಅದನ್ನು ನಡುಮನೆಯ ಗೋಡೆಗೆ ಹಾಕಿಸಿದ್ದಾಳೆ. ಬಾಲದ ಬಗ್ಗೆ ಅವಳ ತಕರಾರು ಈಗಲೂ ಇದೆ.